‘ರಿನ್ಯೂ ಆಯ್ತು’ ಎಂದಿದ್ದೆ

ಇದನ್ನು ಬರೆಯಲು ಏಳು ವರ್ಷ ತಡಮಾಡಿದ್ದೇನೆ. ಹಿಂದೆ ಎರಡು ಸಲ ಕೂತು, ಅರ್ಧ ಹಾಳೆ ತುಂಬುವಷ್ಟರಲ್ಲಿ ಏನೋ ಕೆಲಸ ನೆನಪಾದವನಂತೆ ಎದ್ದುಬಿಟ್ಟೆ. ಮೂರನೆಯ ಸಲ ಬೇರೆ ಯಾರಿಗೋ ಆದದ್ದು ಎಂಬಂತೆ ಬರೆದೆ. ಓದಿ ನೋಡಿದಾಗ ನನಗೇ ಅಸಹ್ಯವಾಗಿ ಹರಿದು ಹಾಕಿದೆ. ಓದುಗರು ತಮಗೆ ಉಪಕಾರ ಮಾಡಿದ ಅಪರಿಚಿತರ ಬಗ್ಗೆ ಬರೆಯುವುದನ್ನು ಈ ಅಂಕಣದಲ್ಲಿ ಓದುತ್ತಿರುತ್ತೇನೆ. ನನಗೆ ಉಪಕಾರ ಮಾಡಿದವರು ಅಪರಿಚಿತರಲ್ಲ. ಅವರಿಗೆ ನಾನು ಏನು ಮಾಡಿದೆ ಎಂಬುದನ್ನು ಹೇಳಬೇಕಾಗಿದೆ.

ನನಗೆ ಅರವತ್ತು ತುಂಬಿದ ವರ್ಷದ ಮಾರ್ಚ್ ತಿಂಗಳಲ್ಲಿ ನಡೆದದ್ದು ಇದು.

ನಾನು ತುಮಕೂರಿನವನು. ಓದಿದ್ದು ಹೈಸ್ಕೂಲು. ಊರಿನಲ್ಲಿದ್ದಾಗ ಟೆಲಿಫೋನ್ ತಂತಿ ಎಳೆಯುವ ಗುತ್ತಿಗೆ ಕೆಲಸ ಮಾಡುತ್ತಿದ್ದೆ. ಹೆಂಡತಿ ಶಾರದಾ ನರ್ಸ್. ಅವಳಿಗೆ ಐರ್ಲೆಂಡಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಅವಳ ಹಿಂದೆ ನಾನೂ ಬಂದೆ. ಡಬ್ಲಿನ್ ಪಕ್ಕದ ಲೂಕನ್‌ನಲ್ಲಿ ಮನೆ ಮಾಡಿದೆವು. ಮೊದಲ ಕೆಲವು ವರ್ಷ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದೆ. ಆಮೇಲೆ ಬ್ಲಾಂಚರ್ಡ್ಸ್‌ಟೌನಿನ ಒಂದು ಸಣ್ಣ ಕಂಪನಿಯಲ್ಲಿ ಕೇಬಲ್ ಎಳೆಯುವ ಕೆಲಸ ಸಿಕ್ಕಿತು. ಆಫೀಸು, ಶಾಲೆ, ನರ್ಸಿಂಗ್ ಹೋಮುಗಳಿಗೆ ಕಂಪ್ಯೂಟರ್ ನೆಟ್‌ವರ್ಕ್ ಹಾಕಿಕೊಡುವ ಹನ್ನೊಂದು ಜನರ ಕಂಪನಿ ಅದು. ಯಜಮಾನನ ಹೆಸರು ಡೆಕ್ಲನ್.

ಕೇಬಲ್ ಎಳೆಯುವವನು ಕೇಬಲ್ ಎಳೆಯುತ್ತಲೇ ಮುದುಕನಾಗುತ್ತಾನೆ. ಗೋಡೆಯ ಮೇಲಿನ ಪೆಟ್ಟಿಗೆಗಳಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ನೆಟ್‌ವರ್ಕನ್ನು ನಡೆಸುವ ಕೆಲಸ ಬೇಕೆಂದರೆ ಒಂದು ಸರ್ಟಿಫಿಕೇಟು ಬೇಕು. ಅದಕ್ಕೊಂದು ಪರೀಕ್ಷೆ. ಇಂಜಿನಿಯರಿಂಗ್ ಓದಿದವರೂ ಒಂದೊಂದು ಸಲ ಡುಮ್ಕಿ ಹೊಡೆಯುವ ಪರೀಕ್ಷೆ. ನನ್ನಂಥವನಿಗೆ ಅದು ಸಾಧ್ಯ ಎಂದು ಮೊದಲು ಹೇಳಿದವರು ಬಾಯಿ.

ಬಾಯಿ ನಮ್ಮ ಆಫೀಸು ನೋಡಿಕೊಳ್ಳುತ್ತಿದ್ದರು. ಮಂಗಳೂರು ಕಡೆಯ ಕ್ರಿಶ್ಚಿಯನ್ ಹೆಂಗಸು, ನನಗಿಂತ ಎರಡು ವರ್ಷಕ್ಕೆ ಚಿಕ್ಕವರು. ಅವರ ಕಡೆಯಲ್ಲಿ ಹೆಂಗಸರನ್ನು ಮರ್ಯಾದೆಯಿಂದ ‘ಬಾಯಿ’ ಎಂದು ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತಿದ್ದೆ. ಆ ಆಫೀಸಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ.

ಒಂದು ದಿನ ಊಟದ ಹೊತ್ತಿನಲ್ಲಿ ನನ್ನ ಚೀಲದಿಂದ ಪರೀಕ್ಷೆಯ ಪುಸ್ತಕ ಇಣುಕುತ್ತಿದ್ದದ್ದನ್ನು ಅವರು ನೋಡಿದರು.

“ಎಂತ ಮಾರಾಯ್ರೆ ಇದು, ಇಷ್ಟು ದಪ್ಪ? ಬೈಬಲ್ಲಾ?”

“ಪರೀಕ್ಷೆದು ಬಾಯಿ. ಸುಮ್ನೆ ತಗೊಂಡೆ. ನಮ್ಮಂಥೋರಿಗೆ ಎಲ್ಲಿ ಆಗುತ್ತೆ.”

“ಆಗದೆ ಎಂತ? ಕೊಡಿ ಇಲ್ಲಿ. ನಾನು ಪ್ರಶ್ನೆ ಕೇಳ್ತೇನೆ, ನೀವು ಉತ್ತರ ಹೇಳಿ.”

ಅಂದಿನಿಂದ ಐದು ತಿಂಗಳು, ಊಟದ ಅರ್ಧ ಗಂಟೆ ಅವರು ನನ್ನಿಂದ ಪಾಠ ಒಪ್ಪಿಸಿಕೊಂಡರು. ಅವರಿಗೆ ನೆಟ್‌ವರ್ಕಿನ ತಲೆಬುಡ ಗೊತ್ತಿರಲಿಲ್ಲ. ರಟ್ಟಿನ ಚೂರುಗಳ ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ ಬರೆದು, ಕೂದಲಿಗೆ ಹಾಕುವ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಟ್ಟುಕೊಂಡಿದ್ದರು. ಒಂದು ದೊಡ್ಡ ನೆಟ್‌ವರ್ಕನ್ನು ಸಣ್ಣ ಸಣ್ಣದಾಗಿ ಒಡೆಯುವ ಲೆಕ್ಕ ಬರುತ್ತದೆ. ನನಗೆ ಅದು ತಲೆಗೇ ಹತ್ತುತ್ತಿರಲಿಲ್ಲ. ಬಾಯಿಗೆ ಹತ್ತಿಬಿಟ್ಟಿತ್ತು.

“ಇನ್ನೂರ ಐವತ್ತಾರರಲ್ಲಿ ಕಳೆಯಿರಿ ಮಾರಾಯ್ರೆ! ಇನ್ನೂರ ಇಪ್ಪತ್ತನಾಲ್ಕು ಹೋದ್ರೆ ಎಷ್ಟು?”

“ಮೂವತ್ತೆರಡು.”

“ಅಷ್ಟೇ! ಮೂವತ್ತೆರಡರ ಮಗ್ಗಿ ಹೇಳ್ತಾ ಹೋಗಿ. ಇದಕ್ಕೆ ಅಳುದು ಎಂತಕ್ಕೆ? ನಿಮ್ಮ ಬದಲಿಗೆ ನಾನೇ ಕೂತ್ರೂ ಪಾಸಾಗ್ತೇನೆ ಈಗ.”

ಐವತ್ತೊಂದನೆಯ ವಯಸ್ಸಿನಲ್ಲಿ ನಾನು ಪಾಸಾದೆ. ಶಾರದಾ ಹೋಳಿಗೆ ಮಾಡಿ ಆಫೀಸಿಗೆಲ್ಲ ಕಳಿಸಿದಳು. ನನ್ನ ಸಂಬಳ, ನನ್ನ ಮಾತಿನ ಗತ್ತು, ಎಲ್ಲವೂ ಬದಲಾಯಿತು.

ಈ ಸರ್ಟಿಫಿಕೇಟಿಗೆ ಮೂರೇ ವರ್ಷ ಆಯುಷ್ಯ. ಮುಗಿಯುವುದರೊಳಗೆ ಮತ್ತೆ ಪರೀಕ್ಷೆ ಬರೆದು ನವೀಕರಿಸಿಕೊಳ್ಳಬೇಕು. ಐವತ್ತನಾಲ್ಕಕ್ಕೆ ಒಮ್ಮೆ, ಐವತ್ತೇಳಕ್ಕೆ ಒಮ್ಮೆ ಬರೆದೆ. ಅರವತ್ತರ ಹೊತ್ತಿಗೆ ನನಗೆ ಸಾಕಾಗಿತ್ತು. ಪುಸ್ತಕ ಪೂರಾ ಬದಲಾಗಿತ್ತು, ಹೊಸ ಹೊಸ ವಿಷಯ ಸೇರಿದ್ದವು. ಕನ್ನಡಕ ಹಾಕಿಕೊಂಡು ನಾಲ್ಕು ಪುಟ ಓದಿದರೆ ಮೊದಲನೆಯದು ಮರೆತಿರುತ್ತಿತ್ತು. ಆದರೆ ಹಾಗೆಂದು ಯಾರಿಗೂ ಹೇಳಲಿಲ್ಲ. ಅರವತ್ತರಲ್ಲೂ ಕಲಿಯುವವನು ಎಂದು ಸಣ್ಣವರೆದುರು ಜಂಬ ಕೊಚ್ಚಿಕೊಳ್ಳುತ್ತಿದ್ದವನು ನಾನೇ ಅಲ್ಲವೇ.

ಬಾಯಿ ಜನವರಿಯಿಂದಲೇ ನೆನಪಿಸುತ್ತಿದ್ದರು. ಯಾರ ಸರ್ಟಿಫಿಕೇಟು ಯಾವಾಗ ಮುಗಿಯುತ್ತದೆ ಎಂಬ ಪಟ್ಟಿ ಅವರ ಕಂಪ್ಯೂಟರಿನಲ್ಲಿತ್ತು. ಚಾಲ್ತಿಯಲ್ಲಿದ್ದರೆ ಹಸಿರು, ಮುಗಿದಿದ್ದರೆ ಕೆಂಪು.

“ಮಾರ್ಚ್ ಹತ್ತಿರ ಬಂತು, ನಿಮ್ಮದು ಮುಗೀತದೆ. ಗೊತ್ತುಂಟಲ್ಲ?”

“ಗೊತ್ತು ಬಾಯಿ. ಗ್ರ್ಯಾಂಡ್, ಗ್ರ್ಯಾಂಡ್.” ಎಲ್ಲ ಸರಿಯಾಗಿದೆ ಎನ್ನಲು ಇಲ್ಲಿನವರು ಹೇಳುವ ಮಾತು ನನ್ನ ನಾಲಿಗೆಗೂ ಅಂಟಿಕೊಂಡಿತ್ತು.

ನಿಜ ಹೇಳಬೇಕೆಂದರೆ ನನ್ನ ತಲೆಯಲ್ಲಿ ಬೇರೆಯೇ ಲೆಕ್ಕವಿತ್ತು. ತುಮಕೂರಿನಲ್ಲಿ ನನ್ನ ಡ್ರೈವಿಂಗ್ ಲೈಸೆನ್ಸಿನ ಅವಧಿ ಒಮ್ಮೆ ಮುಗಿದು ಏಳು ತಿಂಗಳಾಗಿತ್ತು. ಆರ್‌ಟಿಓ ಆಫೀಸಿಗೆ ಹೋಗಿ ದಂಡ ಕಟ್ಟಿ ಸಹಿ ಹಾಕಿದೆ, ಹೊಸದು ಬಂತು. ವಿಮೆಯ ಕಂತು ತಪ್ಪಿದರೂ ಹಾಗೇ, ಒಂದಿಷ್ಟು ದಿನ ಸೈರಿಸಿಕೊಳ್ಳುತ್ತಿದ್ದರು. ಇದೂ ಹಾಗೇ ಇದ್ದೀತು, ಒಂದೆರಡು ತಿಂಗಳು ಹೆಚ್ಚುಕಮ್ಮಿಯಾದರೆ ತಡದ ಶುಲ್ಕ ಕಟ್ಟಿದರಾಯಿತು ಎಂದುಕೊಂಡಿದ್ದೆ. ಯಾರನ್ನೂ ಕೇಳಲಿಲ್ಲ. ಕೇಳಿದರೆ ನಾನು ಓದಿಲ್ಲ ಎನ್ನುವುದು ಹೊರಬೀಳುತ್ತಿತ್ತಲ್ಲ.

ಮಾರ್ಚ್ ಬಂತು, ತಾರೀಖು ಕಳೆಯಿತು. ನಾಲ್ಕು ದಿನ ಬಿಟ್ಟು ಪರೀಕ್ಷೆಯವರ ವೆಬ್‌ಸೈಟಿಗೆ ಹೋಗಿ ದಂಡ ಕಟ್ಟುವ ಜಾಗ ಹುಡುಕಿದೆ. ಅಂಥದ್ದೇನೂ ಇರಲಿಲ್ಲ. ಒಂದು ದಿನ ತಡವಾದರೂ ಆ ಸರ್ಟಿಫಿಕೇಟು ಸತ್ತಂತೆ. ನವೀಕರಣ ಎಂಬುದೇ ಇಲ್ಲ, ಯಾವತ್ತೂ ಪಾಸಾಗದವನಂತೆ ಮತ್ತೆ ಮೊದಲಿನಿಂದ ಶುರುಮಾಡಬೇಕು. ಅದನ್ನು ಮೂರು ಸಲ ಓದಿದೆ.

ಮಾರನೆಯ ಬೆಳಿಗ್ಗೆ ಆಫೀಸಿನ ಸಿಂಕಿನ ಹತ್ತಿರ ಲೋಟ ತೊಳೆಯುತ್ತಿದ್ದೆ. ಬಾಯಿ ಕೆಟಲಿಗೆ ನೀರು ಹಿಡಿಯಲು ಬಂದರು.

“ನಿಮ್ಮದು ರಿನ್ಯೂ ಆಯ್ತಾ ಮಾರಾಯ್ರೆ? ಡೆಕ್ಲನ್ ಇವತ್ತು ಪಟ್ಟಿ ಕೇಳಿದ್ದಾರೆ. ಮೇನೂತ್ ನರ್ಸಿಂಗ್ ಹೋಮಿನ ಕೆಲಸಕ್ಕೆ ಕಳಿಸ್ಲಿಕ್ಕುಂಟು.”

ಹೇಳುವುದಕ್ಕೆ ಅದು ಒಳ್ಳೆಯ ಸಮಯವಾಗಿತ್ತು. ಇಲ್ಲ ಬಾಯಿ, ತಪ್ಪಿಹೋಯಿತು ಎಂದಿದ್ದರೆ ಅವರು ನಾಲ್ಕು ಮಾತು ಬೈದು, ಮಧ್ಯಾಹ್ನ ಮತ್ತೆ ರಟ್ಟಿನ ಚೂರು ಬರೆಯಲು ಕೂರುತ್ತಿದ್ದರು. ನಾನು ಲೋಟವನ್ನು ನೋಡುತ್ತಾ, “ರಿನ್ಯೂ ಆಯ್ತು ಬಾಯಿ” ಎಂದೆ.

“ಅಬ್ಬ! ಮತ್ತೆ ಹೇಳುದಲ್ವಾ? ಹೋಳಿಗೆ ಎಲ್ಲಿ? ಕಾಪಿ ಕೊಡಿ ಹಾಗಾದ್ರೆ.”

“ಪ್ರಿಂಟ್ ಬರಬೇಕು. ಆಮೇಲೆ ಕೊಡ್ತೀನಿ.”

“ಆಯ್ತು. ನಿಮ್ಮ ಮಾತು ಸಾಕು ನನಗೆ, ಕಾಪಿ ನಿಧಾನಕ್ಕೆ ಬರ್ಲಿ.”

ಕಾಪಿ ಇಲ್ಲದೆ ಯಾರ ಹೆಸರನ್ನೂ ಹಸಿರು ಮಾಡಬಾರದು ಎಂಬ ನಿಯಮವಿತ್ತು. ಅದನ್ನು ಮಾಡಿದವರೂ ಬಾಯಿಯೇ. ಒಂಬತ್ತು ವರ್ಷದಲ್ಲಿ ಬಹುಶಃ ಅದೊಂದೇ ಸಲ ಅವರು ಆ ನಿಯಮ ಮುರಿದದ್ದು, ನನ್ನ ಮಾತು ನಂಬಿ.

ಹತ್ತು ದಿನ ಕಳೆಯಿತು. ನರ್ಸಿಂಗ್ ಹೋಮಿನವರು ಪಟ್ಟಿಯಲ್ಲಿದ್ದ ನಮ್ಮೆಲ್ಲರ ಸರ್ಟಿಫಿಕೇಟ್ ಸಂಖ್ಯೆಗಳನ್ನು ಇಂಟರ್‌ನೆಟ್ಟಿನಲ್ಲಿ ಹಾಕಿ ನೋಡಿದರಂತೆ. ನನ್ನದಕ್ಕೆ ‘ಅವಧಿ ಮುಗಿದಿದೆ’ ಎಂದು ಬಂತು. ಸುಳ್ಳು ಪಟ್ಟಿ ಕಳಿಸಿದಿರಿ ಎಂದು ಅವರು ಕೆಲಸವನ್ನೇ ಬೇರೆಯವರಿಗೆ ಕೊಡುವ ಮಾತಾಡಿದರು. ಡೆಕ್ಲನ್ ನಮ್ಮಿಬ್ಬರನ್ನೂ ತನ್ನ ಗಾಜಿನ ಕೋಣೆಗೆ ಕರೆದ.

ಅವನು ಕೂಗಾಡುವ ಮನುಷ್ಯನಲ್ಲ. ಪಟ್ಟಿಯನ್ನು ಮೇಜಿನ ಮೇಲಿಟ್ಟು, ನನ್ನ ಹೆಸರಿನ ಮುಂದಿನ ಹಸಿರು ಚೌಕದ ಮೇಲೆ ಬೆರಳಿಟ್ಟು, “ಇದು ಹಸಿರಾದದ್ದು ಹೇಗೆ?” ಎಂದು ಬಾಯಿಯನ್ನು ಕೇಳಿದ.

“ಅವರೇ ಹೇಳಿದರು, ನವೀಕರಣ ಆಗಿದೆ ಅಂತ” ಎಂದು ಬಾಯಿ ಇಂಗ್ಲಿಷಿನಲ್ಲಿ ಹೇಳಿದರು. ಅವರ ದನಿಯಲ್ಲಿ ಸ್ವಲ್ಪವೂ ಅಳುಕಿರಲಿಲ್ಲ. ಪಕ್ಕದಲ್ಲೇ ನಾನು ಕೂತಿದ್ದೆನಲ್ಲ, ಹೌದು ಎನ್ನುತ್ತೇನೆಂದು ಅವರಿಗೆ ಧೈರ್ಯ.

ಡೆಕ್ಲನ್ ನನ್ನತ್ತ ತಿರುಗಿದ. ನಾನು ಮೇಜಿನ ಮೇಲಿನ ಪಟ್ಟಿಯನ್ನೇ ನೋಡುತ್ತಿದ್ದೆ. ಆಗ ಬಾಯಿ ನನ್ನ ಕಡೆ ಬಾಗಿ, ಮೆಲ್ಲಗೆ, ಕನ್ನಡದಲ್ಲಿ ಕೇಳಿದರು: “ನೀವೇ ಹೇಳಿದ್ದಲ್ವಾ ಮಾರಾಯ್ರೆ? ಸಿಂಕಿನ ಹತ್ತಿರ? ಎಂತಾದ್ರೂ ತೊಂದರೆ ಆಗಿದ್ರೆ ಹೇಳಿ, ಇಬ್ಬರೂ ಸೇರಿ ಹೇಳುವ.”

ಡೆಕ್ಲನ್‌ಗೆ ತಿಳಿಯದ ಭಾಷೆಯಲ್ಲಿ ಅವರು ನನಗೊಂದು ದಾರಿ ತೋರಿಸಿದ್ದರು. ನನ್ನ ಮಾನ ಉಳಿಸಲು ಆ ಕೋಣೆಯಲ್ಲಿ ಪ್ರಯತ್ನಪಟ್ಟವರು ಅವರೊಬ್ಬರೇ.

ನಾನು ಅವರಿಗೆ ಉತ್ತರ ಕೊಟ್ಟದ್ದು ಇಂಗ್ಲಿಷಿನಲ್ಲಿ. ಡೆಕ್ಲನ್‌ಗೆ ಕೇಳಲಿ ಎಂದು, ಒಂದೊಂದೇ ಪದ ಬಿಡಿಸಿ ಹೇಳಿದೆ: “ನಾನು ಹಾಗೆ ಹೇಳಲಿಲ್ಲ. ಪರೀಕ್ಷೆಗೆ ಹೆಸರು ಕೊಟ್ಟಿದ್ದೇನೆ ಎಂದೆ. ಅವರು ತಪ್ಪು ತಿಳಿದಿರಬೇಕು.”

ಬಾಯಿ ನನ್ನ ಮುಖವನ್ನೇ ನೋಡಿದರು. ಸಿಟ್ಟಿನಿಂದಲ್ಲ. ಪರಿಚಯದ ಮನೆಗೆ ಬಂದು ಬಾಗಿಲು ತಟ್ಟಿ, ಬೇರೆ ಯಾರೋ ತೆರೆದಾಗ ನೋಡುತ್ತೇವಲ್ಲ, ಹಾಗೆ. ಆಮೇಲೆ ಡೆಕ್ಲನ್ ಕಡೆ ತಿರುಗಿ, “ಕಾಪಿ ತೆಗೆದುಕೊಳ್ಳದೆ ಹಸಿರು ಮಾಡಿದ್ದು ನನ್ನ ತಪ್ಪು” ಎಂದರು. ಅದಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ.

ಆ ಕೆಲಸ ಅವರಿಗೆ ಎಷ್ಟು ಮುಖ್ಯವಾಗಿತ್ತು ಎಂದು ನನಗೆ ಗೊತ್ತಿತ್ತು. ಅದನ್ನು ಬಚ್ಚಿಟ್ಟರೆ ಈ ಬರಹವೂ ಸುಳ್ಳಾಗುತ್ತದೆ. ಅವರ ಗಂಡನಿಗೆ ಕಿಡ್ನಿ ಹೋಗಿ, ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ನಡೆಯುತ್ತಿತ್ತು. ಆ ಮೂರು ದಿನ ಬಾಯಿ ಮಧ್ಯಾಹ್ನವೇ ಎದ್ದು ಹೋಗಿ, ಅವರನ್ನು ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕೂತು, ಕರೆದುಕೊಂಡು ಬರುತ್ತಿದ್ದರು. ಬೇರೆ ಯಾವ ಕಂಪನಿ ಅದಕ್ಕೆ ಒಪ್ಪುತ್ತಿತ್ತು? ಡೆಕ್ಲನ್ ಒಪ್ಪಿದ್ದ, ಏಕೆಂದರೆ ಬಾಯಿಯ ಕೆಲಸದಲ್ಲಿ ತಪ್ಪೇ ಇರುತ್ತಿರಲಿಲ್ಲ. ಈಗ ಅವರ ಹೆಸರಿನಲ್ಲಿ ದೊಡ್ಡ ತಪ್ಪೊಂದು ದಾಖಲಾಯಿತು. ‘ಕಚೇರಿಯ ದಾಖಲೆಯಲ್ಲಾದ ತಪ್ಪಿನಿಂದ’ ಎಂದು ಡೆಕ್ಲನ್ ನರ್ಸಿಂಗ್ ಹೋಮಿಗೆ ಕ್ಷಮಾಪಣೆಯ ಪತ್ರ ಬರೆದು ನಮಗೆಲ್ಲ ಒಂದು ಪ್ರತಿ ಕಳಿಸಿದ. ಬಾಯಿಯನ್ನು ಅವನು ಕೆಲಸದಿಂದ ತೆಗೆಯಲಿಲ್ಲ. ಆದರೆ ಪಟ್ಟಿಯನ್ನು ಅವರಿಂದ ತೆಗೆದು ಬೇರೆಯವರಿಗೆ ಕೊಟ್ಟ, ಮಧ್ಯಾಹ್ನ ಬೇಗ ಹೋಗುವುದನ್ನೂ ‘ಇನ್ನು ಮೇಲೆ ನೋಡೋಣ’ ಎಂದ. ತಿಂಗಳು ತುಂಬುವುದರೊಳಗೆ ಬಾಯಿ ಕೆಲಸ ಬಿಟ್ಟರು. ಕೊನೆಯ ದಿನ ತಮ್ಮ ಮಗ್ ಒಂದನ್ನು ಸುದ್ದಿಪತ್ರಿಕೆಯಲ್ಲಿ ಸುತ್ತಿಕೊಂಡು, ಎಲ್ಲರಿಗೂ ಹೇಳಿದಂತೆ ನನಗೂ “ಬರ್ತೇನೆ” ಎಂದು ಹೇಳಿ ಹೋದರು.

ನನಗೆ ಡೆಕ್ಲನ್ ಆರು ವಾರ ಸಮಯ ಕೊಟ್ಟ. ಈ ಸಲ ಹಗಲಿರುಳು ಓದಿದೆ. ಪರೀಕ್ಷಾ ಕೇಂದ್ರದಲ್ಲಿ ಜೇಬೆಲ್ಲ ಖಾಲಿ ಮಾಡಿಸಿ, ಅಂಗಿಯ ತೋಳು ಮಡಚಿಸಿ, ಕನ್ನಡಕವನ್ನೂ ತಿರುಗಿಸಿ ನೋಡಿದರು, ನಾನು ಎಲ್ಲಿಯಾದರೂ ಮೋಸ ಬಚ್ಚಿಟ್ಟುಕೊಂಡಿದ್ದೇನೆಯೇ ಎಂದು. ಏನೂ ಸಿಗಲಿಲ್ಲ. ಒಳಗೆ ಐದನೆಯದೋ ಆರನೆಯದೋ ಪ್ರಶ್ನೆ ಅದೇ ಒಡೆಯುವ ಲೆಕ್ಕ. ‘ಇನ್ನೂರ ಐವತ್ತಾರರಲ್ಲಿ ಕಳೆಯಿರಿ ಮಾರಾಯ್ರೆ’ ಎಂದು ಕಿವಿಯಲ್ಲಿ ಹೇಳಿದಂತಾಯಿತು. ಕಳೆದೆ. ಉತ್ತರ ಸರಿಯಾಗಿತ್ತು. ಪರದೆಯ ಮೇಲೆ ಪಾಸು ಎಂದು ಬಂತು. ಫಲಿತಾಂಶದ ಹಾಳೆಯನ್ನು ಮಡಚಿ ಜೇಬಿಗಿಟ್ಟು ಮನೆಗೆ ಹೋದೆ.

ಶಾರದಾ ಹೋಳಿಗೆ ಮಾಡುತ್ತೇನೆ ಎಂದಳು. ಬೇಡ ಎಂದೆ.

“ಯಾಕ್ರೀ? ಬಾಯಿಗಾದ್ರೂ ಕೊಟ್ಟು ಬರೋಣ. ಪಾಪ, ಅವ್ರು ಯಾಕೆ ಕೆಲಸ ಬಿಟ್ರು?”

“ಗಂಡನಿಗೆ ಹುಷಾರಿಲ್ವಲ್ಲ, ಅದಕ್ಕೆ” ಎಂದೆ. ಸುಳ್ಳು ಈಗ ಸಲೀಸಾಗಿ ಬರುತ್ತಿತ್ತು.

ಬಾಯಿಗೆ ಒಂದು ಅಂಗಡಿಯಲ್ಲಿ ಕೆಲಸ ಸಿಕ್ಕಿತಂತೆ. ಅಲ್ಲಿ ಮಧ್ಯಾಹ್ನ ಬಿಡುತ್ತಿರಲಿಲ್ಲ. ಒಂದು ಸಂಜೆ ಶಾರದಾ ಆಸ್ಪತ್ರೆಯಿಂದ ಬಂದವಳು, “ಇವತ್ತು ಬಾಯಿ ಯಜಮಾನ್ರನ್ನ ನೋಡ್ದೆ ಕಣ್ರೀ. ಡಯಾಲಿಸಿಸ್ ಮುಗಿಸ್ಕೊಂಡು ಬಾಗಿಲ ಹತ್ರ ಒಬ್ರೇ ಕೂತಿದ್ರು, ಟ್ಯಾಕ್ಸಿಗೆ ಕಾಯ್ತಾ. ಮಾತಾಡ್ಸಿದ್ರೆ ತಲೆ ಎತ್ತೋಕೂ ಶಕ್ತಿ ಇರ್ಲಿಲ್ಲ” ಎಂದಳು. ನಾನು ಟೀವಿಯ ದನಿ ಸ್ವಲ್ಪ ಹೆಚ್ಚಿಸಿದೆ.

ಎರಡು ವರ್ಷದ ನಂತರ ಬಾಯಿಯ ಗಂಡ ತೀರಿಕೊಂಡರು. ಶವಸಂಸ್ಕಾರದ ದಿನ ಶಾರದಾಗೆ ಡ್ಯೂಟಿ ಇತ್ತು, ನಾನೊಬ್ಬನೇ ಚರ್ಚಿಗೆ ಹೋದೆ. ಈ ದೇಶದಲ್ಲಿ ಸಾವಿನ ಮನೆಯವರು ಮುಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ಬಂದವರೆಲ್ಲ ಸಾಲಾಗಿ ಹೋಗಿ ಕೈಹಿಡಿದು, ಸಂತಾಪದ ಒಂದೇ ಮಾತು ಹೇಳಿ ಮುಂದೆ ಸಾಗುತ್ತಾರೆ. ನಾನು ಆ ಸಾಲಿನಲ್ಲಿ ನಿಂತು, ಬಾಯಿಗೆ ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಕನ್ನಡದಲ್ಲಿ ಉರುಹೊಡೆಯುತ್ತಿದ್ದೆ. ‘ಬಾಯಿ, ಅವತ್ತು ನೀವು ಹೇಳಿದ್ದೇ ನಿಜ. ನಾನೇ ಸುಳ್ಳು ಹೇಳಿದೆ.’ ಇಷ್ಟೇ. ಮುಂದೆ ಹತ್ತು ಜನ ಇದ್ದರು, ಐವರಾದರು, ಇಬ್ಬರಾದರು.

ಅವರ ಕೈ ಹಿಡಿದೆ. ತುಂಬಾ ಸಣ್ಣಗಾಗಿತ್ತು ಕೈ. ನನ್ನ ಮುಂದಿದ್ದ ಐರಿಷ್ ಮುದುಕ ಹೇಳಿದ್ದನ್ನೇ ನಾನೂ ಇಂಗ್ಲಿಷಿನಲ್ಲಿ ಹೇಳಿದೆ: “ಸಾರಿ ಫಾರ್ ಯುವರ್ ಟ್ರಬಲ್.”

ಬಾಯಿ ನನ್ನ ಕೈಯ ಮೇಲೆ ಇನ್ನೊಂದು ಕೈ ಇಟ್ಟರು. “ನೀವು ಬಂದದ್ದು ಒಳ್ಳೇದಾಯ್ತು ಮಾರಾಯ್ರೆ. ಶಾರದಾ ಹುಷಾರುಂಟಲ್ಲ? ಚಾ ಉಂಟು ಹಿಂದೆ, ಕುಡಿದು ಹೋಗಿ.”

ಹಿಂದಿನವರು ತಳ್ಳುತ್ತಿದ್ದರು. ಮುಂದೆ ಸಾಗಿದೆ. ಚಾ ಕುಡಿಯದೆ ಹೊರಟುಹೋದೆ.

ಕಳೆದ ವರ್ಷ ನಾನು ಕೆಲಸದಿಂದ ನಿವೃತ್ತನಾದೆ. ಡೆಕ್ಲನ್ ಭಾಷಣದಲ್ಲಿ ನನ್ನ ಪ್ರಾಮಾಣಿಕತೆಯ ಬಗ್ಗೆ ಎರಡು ಮಾತು ಹೇಳಿದ. ಆ ದಿನ ಮನೆಗೆ ಬಂದು ಶಾರದಾಳಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಒಲೆ ಆರಿಸಿ ಅಡುಗೆಮನೆಯ ಕುರ್ಚಿಯಲ್ಲಿ ಕೂತಳು. ಆಮೇಲೆ, “ನನಗೆ ಹೇಳಿ ಏನ್ ಪ್ರಯೋಜನ ರೀ? ಬಾಯಿ ಯಜಮಾನ್ರು ಆಸ್ಪತ್ರೆ ಬಾಗಿಲಲ್ಲಿ ಒಬ್ರೇ ಕೂತಿದ್ರು ಅಂತ ನಾನು ಹೇಳ್ದಾಗ ನೀವು ಟೀವಿ ನೋಡ್ತಿದ್ರಿ” ಎಂದಳು. ಅದನ್ನು ಅವಳು ಮರೆತಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಊಟ, ಔಷಧಿ, ಕಸದ ಬುಟ್ಟಿಯ ಮಾತು ಬಿಟ್ಟರೆ ಬೇರೆ ಮಾತು ಕಡಿಮೆ.

ಬಾಯಿ ಬದುಕಿದ್ದಾರೆ. ಮೇನೂತಿನಲ್ಲಿ ಮಗಳ ಮನೆಯಲ್ಲಿದ್ದಾರೆ. ನನ್ನ ಮನೆಯಿಂದ ಬಸ್ಸಿನಲ್ಲಿ ದೂರವೇನಲ್ಲ. ನನ್ನ ಬಳಿ ಹಿರಿಯರಿಗೆ ಕೊಡುವ ಉಚಿತ ಪಾಸ್ ಇದೆ, ದಿನವಿಡೀ ಬಿಡುವಿದೆ. ನವೆಂಬರಿನಲ್ಲಿ ಒಮ್ಮೆ ಹೋದೆ. ಅವರ ಬೀದಿಯ ತುದಿಯಲ್ಲಿ ಇಳಿದು, ಮನೆಯ ನಂಬರ್ ನೋಡಿ, ಕಿಟಕಿಯಲ್ಲಿ ದೀಪ ಉರಿಯುತ್ತಿದ್ದದ್ದನ್ನು ನೋಡಿ, ಎದುರಿನ ನಿಲ್ದಾಣದಿಂದ ವಾಪಸ್ ಬಂದೆ. ಮತ್ತೆ ಹೋಗುತ್ತೇನೆ ಎಂದು ಬರೆಯುವ ಆಸೆಯಿದೆ. ಆದರೆ ನನ್ನನ್ನು ನಾನು ಬಲ್ಲೆ. ಹೋಗಲಾರೆ. ಹೋದರೆ ಅವರು ಕ್ಷಮಿಸಿ ಚಾ ಮಾಡಿಕೊಡುತ್ತಾರೆ. ಅದನ್ನು ಕುಡಿಯುವ ಶಕ್ತಿ ನನಗಿಲ್ಲ. ಇದರಿಂದ ನಾನು ಕಲಿತದ್ದೇನು ಎಂದು ಕೇಳಿದರೆ ಹೇಳಲು ಏನೂ ಇಲ್ಲ. ನಾನು ಎಂಥವನು ಎಂದು ತಿಳಿಯಿತು, ಅಷ್ಟೇ. ತಿಳಿದ ಮೇಲೂ ಅಂಥವನಾಗಿಯೇ ಉಳಿದಿದ್ದೇನೆ.

ಒಂದನ್ನು ಮಾತ್ರ ಇಲ್ಲಿ ಮಾಡಬಲ್ಲೆ. ಆ ಕಚೇರಿಯ ದಾಖಲೆಯಲ್ಲಿ ತಪ್ಪಾಗಿರಲಿಲ್ಲ. ಅದನ್ನು ಇಟ್ಟವರು ಕೇಳಿಸಿಕೊಂಡದ್ದನ್ನೇ ಬರೆದಿದ್ದರು. ಆ ಗಾಜಿನ ಕೋಣೆಯಲ್ಲಿ ಇಬ್ಬರಲ್ಲಿ ಒಬ್ಬರು ನಿಜ ಹೇಳಿದರು. ನಾನು ಇಂದಿಗೂ ಕ್ಷಮೆ ಕೇಳದ ಆ ಹೆಂಗಸಿನ ಹೆಸರು ಸೆವ್ರಿನ್ ಲೋಬೊ.